ಬೈಪೋಲಾರ್: ನಗುವಿಗೆ ಹೆದರಬೇಡಿ, ನಿದ್ದೆಯ ಲೆಕ್ಕ ಇಡಿ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಮೂರು ತಿಂಗಳು ತುಂಬ ಮಂಕಾಗಿದ್ದ. ಡಿಪ್ರೆಷನ್ ಅಂತ ಮಾತ್ರೆ ಕೊಟ್ಟರು, ಸರಿಹೋದ. ಹೋದ ವರ್ಷ ಯುಗಾದಿಗೆ ಊರಿಗೆ ಬಂದವನು ನಿದ್ದೆಯನ್ನೇ ಬಿಟ್ಟ. ರಾತ್ರಿಯಿಡೀ ಫೋನು, ಸ್ವಂತ ಕಂಪನಿ ಶುರು ಮಾಡುತ್ತೇನೆ ಅನ್ನುವ ಮಾತು. ಕ್ರೆಡಿಟ್ ಕಾರ್ಡು, ಆ್ಯಪ್ ಸಾಲ ಎಲ್ಲ ಸೇರಿ ನಾಲ್ಕು ಲಕ್ಷ ಖರ್ಚು ಮಾಡಿದ. ತಡೆಯಲು ಹೋದ ಅಪ್ಪನ ಮೇಲೆ ಕೈ ಎತ್ತಿದ. ಗಾಳಿ ಸೋಕಿದೆ ಅಂತ ಮೊದಲು ಒಬ್ಬ ಮಂತ್ರವಾದಿ ಹತ್ತಿರ ಕರೆದುಕೊಂಡು ಹೋದೆವು. ಕೊನೆಗೆ ಮೂರು ವಾರ ಆಸ್ಪತ್ರೆಯಲ್ಲಿದ್ದ. ಬೈಪೋಲಾರ್ ಅಂದರು. ಈಗ ಲಿಥಿಯಂ ತೆಗೆದುಕೊಳ್ಳುತ್ತಿದ್ದಾನೆ, ಹತ್ತು ತಿಂಗಳಿಂದ ಚೆನ್ನಾಗಿದ್ದಾನೆ. "ನಾನು ಸರಿ ಇದ್ದೀನಲ್ಲ, ಮಾತ್ರೆ ಯಾಕೆ? ಕಿಡ್ನಿ ಹಾಳಾಗತ್ತೆ" ಅನ್ನುತ್ತಾನೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನೆಂಟರು ಹೇಳುತ್ತಾರೆ. ಹುಡುಗಿ ಕಡೆಯವರಿಗೆ ವಿಷಯ ತಿಳಿಸಬೇಕಾ? ಇನ್ನೊಂದು ಮಾತು, ಹೇಳಲು ನಾಚಿಕೆ ಆಗುತ್ತದೆ. ಅವನು ಜೋರಾಗಿ ನಕ್ಕರೂ ಈಗ ಮನೆಯಲ್ಲಿ ಎಲ್ಲರಿಗೂ ಭಯ.
— ಒಬ್ಬ ಅಕ್ಕ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದು ಸಲ ಮೇನಿಯಾ, ಅಂದರೆ ಈ ಕಾಯಿಲೆಯ ಉನ್ಮಾದ, ಕಂಡ ಮನೆಯಲ್ಲಿ ಆ ಭಯ ಇದ್ದೇ ಇರುತ್ತದೆ. ಹುಡುಗ ಹೊಸ ಶರ್ಟ್ ತಂದರೆ ಭಯ. ಫೋನಿನಲ್ಲಿ ಹತ್ತು ನಿಮಿಷ ಜಾಸ್ತಿ ಮಾತಾಡಿದರೆ ಭಯ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದು ಅವನ ಕಣ್ಣಿಗೂ ಬೀಳುತ್ತದೆ. ಬರುಬರುತ್ತಾ ಅವನು ನಿಮ್ಮೆದುರು ನಗುವುದನ್ನೇ ಬಿಟ್ಟುಬಿಡುತ್ತಾನೆ. ನನ್ನ ಹತ್ತಿರ ಬರುವ ಎಷ್ಟೋ ಹುಡುಗ ಹುಡುಗಿಯರು ಕೇಳಿದ್ದಾರೆ: "ಡಾಕ್ಟ್ರೇ, ನನಗೆ ಖುಷಿಯಾಗೋ ಹಕ್ಕೇ ಇಲ್ವಾ?"

ಖಂಡಿತ ಇದೆ. ಅದಕ್ಕೇ ಹೇಳುತ್ತೇನೆ, ಅವನ ನಗು ಅಳೆಯಲು ಹೋಗಬೇಡಿ. ನಿದ್ದೆ ನೋಡಿ.

ಗೆಳೆಯನ ಮದುವೆಯಲ್ಲಿ ರಾತ್ರಿಯೆಲ್ಲ ಕುಣಿದು ಮೂರು ಗಂಟೆ ಮಲಗಿದವನು ಮರುದಿನ ಊಟ ಆದಮೇಲೆ ಕೂತಲ್ಲೇ ತೂಕಡಿಸುತ್ತಾನೆ. ಅದು ಖುಷಿ. ಮೇನಿಯಾ ಶುರುವಾದವನು ಅದೇ ಮೂರು ಗಂಟೆ ಮಲಗಿ, ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಅಟ್ಟದ ಮೇಲಿನ ಸಾಮಾನೆಲ್ಲ ಇಳಿಸಿ ಜೋಡಿಸುತ್ತಿರುತ್ತಾನೆ. ಮೂರನೇ ದಿನವೂ ಅವನಿಗೆ ಸುಸ್ತಿಲ್ಲ. ನಿದ್ದೆ ಬರಲಿಲ್ಲ ಅಂತ ಗೊಣಗುವುದೂ ಇಲ್ಲ. ನಿದ್ದೆ ಬೇಕಾಗಿಯೇ ಇಲ್ಲ ಅನ್ನುತ್ತಾನೆ. ಈ "ಬೇಕಾಗಿಯೇ ಇಲ್ಲ" ಅನ್ನುವುದನ್ನು ನಾವು ಡಾಕ್ಟರುಗಳು ಕಿವಿ ನಿಮಿರಿಸಿ ಕೇಳಿಸಿಕೊಳ್ಳುತ್ತೇವೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರ ಮಗಳು ಬಿ.ಎಡ್. ಓದುತ್ತಿದ್ದಳು. ಒಂದು ಸಲ ಜೋರಾಗಿ ಮೇನಿಯಾ ಬಂದು ಆಸ್ಪತ್ರೆ ಸೇರಿದ್ದಳು. ಆಮೇಲೆ ಚೆನ್ನಾಗಿದ್ದಳು. ಒಂದು ದಿನ ತಾಯಿ ಮಗಳು ಇಬ್ಬರೂ ಬಂದರು. ತಾಯಿ ಬ್ಯಾಗಿನಿಂದ ಗೋಡೆ ಕ್ಯಾಲೆಂಡರಿನ ಒಂದು ಹಾಳೆ ತೆಗೆದು ನನ್ನ ಟೇಬಲ್ ಮೇಲೆ ಬಿಡಿಸಿದರು. ಪ್ರತಿ ಚೌಕದಲ್ಲೂ ಎರಡು ಅಂಕಿ. ನೀಲಿ ಪೆನ್ನಿನದು ಹಾಲಿನ ಲೆಕ್ಕ. ಕೆಂಪು ಪೆನ್ನಿನದು ಮಗಳ ನಿದ್ದೆ. 7, 7, ಆರೂವರೆ, 7 ಅಂತ ಸಾಲಾಗಿ ಇತ್ತು. ಕೊನೆಯ ನಾಲ್ಕು ಚೌಕದಲ್ಲಿ 6, 5, 4, ಮೂರೂವರೆ. ಆ ಅಂಕಿ ಬರೆದವಳು ಮಗಳೇ. ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳೇ ಪೆನ್ನು ತೆಗೆದುಕೊಂಡು ಬರೆಯುತ್ತಿದ್ದಳಂತೆ. "ನಾನು ಚೆನ್ನಾಗೇ ಇದ್ದೀನಿ ಸರ್, ಆದ್ರೆ ಈ ನಂಬರ್ ನೋಡಿ ನನಗೇ ಅನುಮಾನ ಬಂತು" ಅಂದಳು. ಔಷಧಿ ಸ್ವಲ್ಪ ಬದಲಿಸಿದೆವು. ಒಂದು ವಾರ ಪರೀಕ್ಷೆಗೆ ಓದುವುದನ್ನು ಸಂಜೆಗೇ ನಿಲ್ಲಿಸಿದಳು. ಆಸ್ಪತ್ರೆ ಸೇರಬೇಕಾಗಲಿಲ್ಲ. ಪರೀಕ್ಷೆಯನ್ನೂ ಬರೆದಳು.

ಆ ಹಾಳೆಯಲ್ಲಿ ನನಗೆ ಕಂಡ ದೊಡ್ಡ ವಿಷಯ ಏನೆಂದರೆ, ಲೆಕ್ಕ ಇಟ್ಟವಳು ಅವಳೇ. ತಾಯಿ ಕಾವಲುಗಾರಳಾಗಿರಲಿಲ್ಲ, ಜೊತೆಗಿದ್ದಳು. ನಿಮ್ಮ ಮನೆಯಲ್ಲೂ ಹಾಗೇ ಆಗಬೇಕು. ಅವನು ಬೆಂಗಳೂರಿನಲ್ಲಿದ್ದರೆ ದಿನಾ ಬೆಳಿಗ್ಗೆ ನಿಮಗೆ ಒಂದು ಅಂಕಿ ಮೆಸೇಜ್ ಮಾಡಲಿ. ಬರೀ ಅಂಕಿ ಸಾಕು. ನೀವೂ ನಿಮ್ಮ ನಿದ್ದೆಯ ಅಂಕಿ ಕಳಿಸಿ. ಆಗ ಅದು ಪಹರೆ ಅನ್ನಿಸುವುದಿಲ್ಲ.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. ಬೈಪೋಲಾರ್ ಅಂದರೆ ಎರಡು ತುದಿಗಳ ಕಾಯಿಲೆ. ಒಂದು ತುದಿಯಲ್ಲಿ ಮೇನಿಯಾ, ಕನ್ನಡದಲ್ಲಿ ಉನ್ಮಾದ ಅನ್ನುತ್ತೇವೆ. ಇನ್ನೊಂದು ತುದಿಯಲ್ಲಿ ಖಿನ್ನತೆ. ಬೆಳಿಗ್ಗೆ ಸಿಟ್ಟು ಸಂಜೆ ನಗು ಇರುವವರನ್ನು ನೋಡಿ "ಇವನು ಬೈಪೋಲಾರ್" ಅನ್ನುವುದು ಈಗ ರೂಢಿಯಾಗಿಬಿಟ್ಟಿದೆ. ಅದು ತಪ್ಪು. ಈ ಕಾಯಿಲೆಯ ಅಲೆಗಳು ಗಂಟೆಗಳ ಲೆಕ್ಕದವಲ್ಲ. ಮೇನಿಯಾ ಅನ್ನಬೇಕಾದರೆ ಕನಿಷ್ಠ ಒಂದು ವಾರ ಹಾಗೇ ಇರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಜೋರಾಗಿರಬೇಕು. ಖಿನ್ನತೆಗೆ ಕನಿಷ್ಠ ಎರಡು ವಾರ. ಚಿಕಿತ್ಸೆ ಇಲ್ಲದಿದ್ದರೆ ಒಂದೊಂದು ಅಲೆ ತಿಂಗಳುಗಟ್ಟಲೆ ಎಳೆಯುತ್ತದೆ. ನಡುವೆ ಮನುಷ್ಯ ತನ್ನ ಮೊದಲಿನ ಸ್ವಭಾವಕ್ಕೇ ಮರಳುತ್ತಾನೆ. ಹಾಗೆ ಮರಳುವುದೇ ಜನರನ್ನು ಮೋಸಗೊಳಿಸುವುದು. ಗುಣವಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಮೇನಿಯಾದ ಇನ್ನೊಂದು ಸೌಮ್ಯ ರೂಪ ಇದೆ, ಹೈಪೋಮೇನಿಯಾ. ನಾಲ್ಕು ದಿನವೋ ಐದು ದಿನವೋ ತುಂಬ ಹುರುಪು, ಕೆಲಸ ಸರಸರ ಸಾಗುತ್ತದೆ, ಆಫೀಸಿನಲ್ಲಿ ಹೊಗಳಿಕೆಯೂ ಸಿಗುತ್ತದೆ. ಅದು ಕಾಯಿಲೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಇದ್ದರೆ ಎರಡನೇ ಬಗೆಯ ಬೈಪೋಲಾರ್. ಆಸ್ಪತ್ರೆ ಸೇರುವಷ್ಟು ಮೇನಿಯಾ ಬಂದಿದ್ದರಿಂದ ನಿಮ್ಮ ತಮ್ಮನದು ಮೊದಲನೇ ಬಗೆ.

ಎರಡು ವರ್ಷದ ಹಿಂದೆ ಡಿಪ್ರೆಷನ್ ಅಂದ ಡಾಕ್ಟರ ಮೇಲೆ ನಿಮಗೆ ಸಿಟ್ಟಿದ್ದರೆ ಬಿಟ್ಟುಬಿಡಿ. ಎಷ್ಟೋ ಜನರಲ್ಲಿ ಮೊದಲ ಅಲೆ ಖಿನ್ನತೆಯೇ ಆಗಿರುತ್ತದೆ. ಆಗ ಎರಡನೇ ತುದಿ ಇನ್ನೂ ಕಂಡಿರುವುದಿಲ್ಲ. ಆದರೆ ಮುಂದೆ ಒಂದು ಎಚ್ಚರ ಬೇಕು. ಅವನು ಮತ್ತೆ ಮಂಕಾದರೆ ಹಳೆಯ ಚೀಟಿ ಹುಡುಕಿ ಅದೇ ಡಿಪ್ರೆಷನ್ ಮಾತ್ರೆ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ಬೈಪೋಲಾರ್ ಇರುವವರಿಗೆ ಆ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಲ್ಲಿ ಅದು ನೇರ ಮೇನಿಯಾಕ್ಕೆ ಎತ್ತಿ ಹಾಕುತ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲುನೋವಿಗೇ ಹೋದರೂ, ಬೈಪೋಲಾರ್ ಇದೆ, ಲಿಥಿಯಂ ತೆಗೆದುಕೊಳ್ಳುತ್ತಿದ್ದಾನೆ ಅಂತ ಮೊದಲೇ ಹೇಳಿ. ಸ್ಟಿರಾಯ್ಡ್ ಮಾತ್ರೆಗಳೂ ಕೆಲವರಲ್ಲಿ ಮೇನಿಯಾ ಎಬ್ಬಿಸುತ್ತವೆ.

ಯಾಕೆ ಬಂತು ಅಂತ ನೀವು ಕೇಳಿಲ್ಲ. ಆದರೂ ಪ್ರತಿ ಮನೆಯಲ್ಲಿ ಯಾರೋ ಒಬ್ಬರು ರಾತ್ರಿ ಒಬ್ಬರೇ ಕೂತು ಇದನ್ನು ಯೋಚಿಸುತ್ತಿರುತ್ತಾರೆ. ಹೆಚ್ಚಾಗಿ ಅಮ್ಮ. ಹಾಸ್ಟೆಲಿಗೆ ಹಾಕಬಾರದಿತ್ತು, ಆ ಹುಡುಗಿಯ ವಿಷಯಕ್ಕೆ ಅಷ್ಟು ಬೈಯಬಾರದಿತ್ತು, ಹೀಗೆ. ಅಮ್ಮನಿಗೆ ಹೇಳಿ, ಇದು ಸಾಕಿದ ರೀತಿಯಿಂದ ಬರುವ ಕಾಯಿಲೆ ಅಲ್ಲ. ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದರ ನಡುವೆ ತಲೆ ಎತ್ತುತ್ತದೆ. ಕೆಲಸದ ಒತ್ತಡ, ನಿದ್ದೆಗೇಡು, ಕುಡಿತ, ಗಾಂಜಾ ಇವೆಲ್ಲ ಕಡ್ಡಿ ಗೀರಬಹುದು. ಆದರೆ ಸೌದೆ ಮೊದಲೇ ಇರುತ್ತದೆ. ನೀವು ಒಂಟಿಯೂ ಅಲ್ಲ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು 200 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಈ ಕಾಯಿಲೆ ಬಂದಿತ್ತು. ನನ್ನನ್ನು ಕಾಡುವುದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ಬೈಪೋಲಾರ್ ಇರುವ ಹತ್ತು ಜನರಲ್ಲಿ ಏಳು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ತಮ್ಮ ಆ ಏಳು ಜನರಲ್ಲಿ ಇಲ್ಲ. ನೀವು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಕ್ಕೆ ಇಲ್ಲ.

ಮಂತ್ರವಾದಿ ಹತ್ತಿರ ಹೋಗಿದ್ದಕ್ಕೆ ನಾನು ಬೈಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗ ದೇವರ ಹಾಗೆ ಮಾತಾಡತೊಡಗಿದರೆ ಯಾವ ಅಪ್ಪ ಅಮ್ಮನಿಗೂ ದಿಕ್ಕು ತೋಚುವುದಿಲ್ಲ. ಮುಂದೆಯೂ ದೇವಸ್ಥಾನಕ್ಕೆ ಹೋಗಿ, ಹರಕೆ ಇದ್ದರೆ ತೀರಿಸಿ. ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ, ಮಾತ್ರೆ ನಿಲ್ಲಿಸು ಅನ್ನುವ ಕಡೆ ಮಾತ್ರ ಕಾಲಿಡಬೇಡಿ.

ಇನ್ನು ಮಾತ್ರೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳುತ್ತೇನೆ. ಇದನ್ನು ತಮ್ಮನಿಗೇ ಓದಲು ಕೊಡಿ.

ಲಿಥಿಯಂ ಮೇನಿಯಾ ಇಳಿಸುತ್ತದೆ ಅಂತ ಮೊದಲು ಸ್ಪಷ್ಟವಾಗಿ ತೋರಿಸಿದವರು ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದವರು. 1948ರಲ್ಲಿ ಅವರು ಲಿಥಿಯಂ ಕೊಟ್ಟ ಮೊದಲ ರೋಗಿ ಐವತ್ತು ದಾಟಿದ ಒಬ್ಬ ಮನುಷ್ಯ. ಐದು ವರ್ಷದಿಂದ ಬಿಡದೆ ಮೇನಿಯಾದಲ್ಲಿ ಒದ್ದಾಡುತ್ತಾ ಆಸ್ಪತ್ರೆಯ ಹಿಂದಿನ ವಾರ್ಡಿನಲ್ಲಿ ಬಿದ್ದಿದ್ದ. ಕೆಲವೇ ವಾರದಲ್ಲಿ ಶಾಂತನಾದ. ಕೆಲವು ತಿಂಗಳಿಗೆ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಕೇಡ್ ಇದನ್ನು 1949ರಲ್ಲಿ ಪ್ರಕಟಿಸಿದರು. ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಚೆನ್ನಾಗಿದ್ದೀನಲ್ಲ ಅಂತ ಆ ಮನುಷ್ಯ ಔಷಧಿಯನ್ನು ಅಲಕ್ಷ್ಯ ಮಾಡಿದ, ಕೊನೆಗೆ ಬಿಟ್ಟ. ಮೇನಿಯಾ ಮರಳಿತು, ಆಸ್ಪತ್ರೆಗೆ ವಾಪಸ್ ಬಂದ. ಮತ್ತೆ ಲಿಥಿಯಂ, ಮತ್ತೆ ಗುಣ. ಮುಂದೆ ಅದೇ ಲಿಥಿಯಂ ದೇಹದಲ್ಲಿ ಜಾಸ್ತಿಯಾಗಿ, ವಿಷವಾಗಿ 1950ರಲ್ಲಿ ತೀರಿಕೊಂಡ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆಯುವ ಪದ್ಧತಿ ಆಗ ರೂಢಿಯಲ್ಲಿರಲಿಲ್ಲ.

ನಿಮ್ಮ ತಮ್ಮನ ಎರಡೂ ಪ್ರಶ್ನೆಗೆ ಆ ಒಬ್ಬ ಮನುಷ್ಯನಲ್ಲೇ ಉತ್ತರ ಇದೆ. ಸರಿ ಇದ್ದೀನಿ ಅಂತ ಬಿಟ್ಟರೆ ಏನಾಗುತ್ತದೆ ಅನ್ನುವುದು ಒಂದು. ರಕ್ತಪರೀಕ್ಷೆ ಇಲ್ಲದೆ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದು ಇನ್ನೊಂದು.

ನಿಮ್ಮ ತಮ್ಮ ಈಗ ಸರಿ ಇರುವುದು ಮಾತ್ರೆಯಿಂದಲೂ ಹೌದು. ಈ ಮಾತ್ರೆ ಬರೀ ಆಗಿಹೋದ ಕಾಯಿಲೆಗೆ ಕೊಟ್ಟಿದ್ದಲ್ಲ, ಮುಂದಿನ ಅಲೆಗೆ ಕಟ್ಟಿದ ಒಡ್ಡು. ಬೇಸಿಗೆಯಲ್ಲಿ ಕೆರೆ ತುಂಬಿಲ್ಲ ಅಂತ ಏರಿ ಕಡಿಯುತ್ತಾರಾ? ಲಿಥಿಯಂ ದಿಢೀರನೆ ನಿಲ್ಲಿಸಿದರೆ ಮೊದಲ ಕೆಲವು ತಿಂಗಳಲ್ಲೇ ಕಾಯಿಲೆ ಮರಳುವ ಅಪಾಯ ತುಂಬ ಜಾಸ್ತಿ. ಜೊತೆಗೆ ಇನ್ನೊಂದು ಗುಣ ಈ ಔಷಧಿಗಿದೆ, ಅದಕ್ಕಾಗಿಯೇ ನನಗೆ ಇದರ ಮೇಲೆ ಅಷ್ಟು ಗೌರವ. ಇದು ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುತ್ತದೆ. ಮನೋವೈದ್ಯದಲ್ಲಿ ಹಾಗೆ ಹೇಳಬಹುದಾದ ಔಷಧಿಗಳು ಬೆರಳೆಣಿಕೆಯಷ್ಟು.

ಜೀವನಪೂರ್ತಿ ಬೇಕಾ? ಒಂದು ಖಿನ್ನತೆ, ಆಸ್ಪತ್ರೆ ಸೇರಿದ ಒಂದು ಮೇನಿಯಾ, ಇಷ್ಟು ಚಿಕ್ಕ ವಯಸ್ಸು. ಇಂಥ ಕಡೆ ನಾನು ಹತ್ತು ತಿಂಗಳಿಗೆ ನಿಲ್ಲಿಸುವ ಮಾತೇ ಎತ್ತುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ಯೋಚಿಸಬೇಕು. ಎಷ್ಟೋ ಜನಕ್ಕೆ ದೀರ್ಘಕಾಲ ಬೇಕಾಗುತ್ತದೆ. ಮುಂದೆ ಎಂದಾದರೂ ನಿಲ್ಲಿಸಿ ನೋಡಬೇಕು ಅನ್ನಿಸಿದರೆ ಡಾಕ್ಟರ ಜೊತೆ ಕೂತು, ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ನಿಧಾನವಾಗಿ ಇಳಿಸಬೇಕು. ಕದ್ದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇಡ ಅನ್ನಿಸುತ್ತಿದೆ ಅಂತ ಡಾಕ್ಟರಿಗೆ ನೇರ ಹೇಳಲಿ. ಒಳ್ಳೆಯ ಡಾಕ್ಟರ್ ಅದಕ್ಕೆ ಸಿಟ್ಟಾಗುವುದಿಲ್ಲ. ಕೈ ನಡುಗುತ್ತದಾ, ದಪ್ಪ ಆಗುತ್ತಿದ್ದಾನಾ, ತಲೆ ಮಂದ ಅನ್ನಿಸುತ್ತದಾ, ನಿಜವಾದ ಕಾರಣ ಏನು ಅಂತ ಕೇಳುತ್ತಾರೆ. ಎಷ್ಟೋ ಸಲ ಡೋಸ್ ಸರಿಮಾಡಿದರೇ ಸಾಕಾಗುತ್ತದೆ.

ಕಿಡ್ನಿಯ ಭಯವನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಬಹಳ ವರ್ಷ ಲಿಥಿಯಂ ತೆಗೆದುಕೊಂಡ ಕೆಲವರಲ್ಲಿ ಕಿಡ್ನಿಯ ಕೆಲಸ ನಿಧಾನವಾಗಿ ಕಡಿಮೆಯಾಗುವುದುಂಟು. ಥೈರಾಯ್ಡ್ ಕಡಿಮೆಯಾಗುವುದು ಅದಕ್ಕಿಂತ ಸಾಮಾನ್ಯ. ಅದಕ್ಕೆ ದಿನಕ್ಕೊಂದು ಥೈರಾಯ್ಡ್ ಮಾತ್ರೆ ಸಾಕು. ಇವೆಲ್ಲ ಒಂದೇ ದಿನ ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದರೆ ಮೊದಲೇ ತಿಳಿಯುತ್ತದೆ, ದಾರಿ ಬದಲಿಸಲು ಸಮಯ ಇರುತ್ತದೆ. ಕಿಡ್ನಿಗೆ ಕೂಡಲೇ ಪೆಟ್ಟು ಕೊಡುವುದು ಲಿಥಿಯಂ ಮಟ್ಟ ಮಿತಿ ಮೀರಿ ಏರಿದಾಗ. ಆದ್ದರಿಂದ ಅದನ್ನು ಅಳೆಯುವುದೇ ಮುಖ್ಯ.

ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ಔಷಧಿಗೂ ವಿಷಕ್ಕೂ ನಡುವಿನ ಜಾಗ ಎಷ್ಟು ಕಿರಿದು ನೋಡಿ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಉಪ್ಪಿನ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಏರುತ್ತದೆ. ಅದಕ್ಕೇ ವಾಂತಿಭೇದಿ, ಜೋರು ಜ್ವರ, ಬಿಸಿಲಲ್ಲಿ ಬೆವರುವುದು, ನೀರೂ ಕುಡಿಯದ ಏಕಾದಶಿ ಉಪವಾಸ, ಯಾರೋ ಹೇಳಿದರು ಅಂತ ಒಮ್ಮೆಲೇ ಉಪ್ಪು ಬಿಡುವುದು, ಇವೆಲ್ಲ ಅವನಿಗೆ ಒಗ್ಗುವುದಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ. ಪ್ಯಾರಾಸಿಟಮಾಲ್ ಆಗುತ್ತದೆ. ಮುಂದೆ ಬಿಪಿಗೆ ಮಾತ್ರೆ ಬೇಕಾದರೆ ಲಿಥಿಯಂ ವಿಷಯ ಹೇಳಿಯೇ ಬರೆಸಿಕೊಳ್ಳಿ, ಕೆಲವು ಬಿಪಿ ಮಾತ್ರೆಗಳು ಮಟ್ಟ ಏರಿಸುತ್ತವೆ. ಕೈ ಸಣ್ಣಗೆ ನಡುಗುವುದು ಸಾಮಾನ್ಯ. ಲೋಟ ಹಿಡಿಯಲಾಗದಷ್ಟು ನಡುಕ, ತೊದಲು, ತೂರಾಡುವ ನಡಿಗೆ, ವಾಂತಿ, ಮಂಪರು ಕಂಡರೆ ಮುಂದಿನ ಮಾತ್ರೆ ಕೊಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಲಿಥಿಯಂ ಆಗದವರಿಗೆ ವ್ಯಾಲ್‌ಪ್ರೊಯೇಟ್, ಕ್ವೆಟಿಯಾಪಿನ್, ಒಲಾಂಜಪಿನ್, ಲ್ಯಾಮೊಟ್ರಿಜಿನ್ ಇವೆ. ಒಂದೊಂದಕ್ಕೂ ಅದರದೇ ಲಾಭ, ಅದರದೇ ತೊಂದರೆ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಮಾತ್ರ ಒಂದು ಮಾತು ಹೇಳಲೇಬೇಕು. ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುವಾಗ ಗರ್ಭ ನಿಂತರೆ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ ಇರುತ್ತದೆ. ಬುದ್ಧಿ ಬೆಳವಣಿಗೆಗೆ ಆಗುವ ತೊಂದರೆ ಅದಕ್ಕಿಂತ ಜಾಸ್ತಿ. ನೀವು ಆ ಮಾತ್ರೆಯಲ್ಲಿದ್ದರೆ ಮದುವೆಗೆ ಮೊದಲೇ, ಮಗು ಬೇಕು ಅನ್ನುವ ಮೊದಲೇ ಡಾಕ್ಟರನ್ನು ಕೇಳಿ. ನೀವಾಗೇ ನಿಲ್ಲಿಸಲೂ ಬೇಡಿ. ಹೆರಿಗೆ ಆದ ಮೊದಲ ವಾರಗಳಲ್ಲಿ ಈ ಕಾಯಿಲೆ ಮರಳುವ ಸಂಭವ ಬಹಳ, ಬಾಣಂತಿಯ ನಿದ್ದೆಯನ್ನು ಮನೆಮಂದಿಯೆಲ್ಲ ಸೇರಿ ಕಾಯಬೇಕು.

ಮತ್ತೆ ನಿದ್ದೆಗೇ ಬಂದೆ ನೋಡಿ. ನಿದ್ದೆ ಕಡಿಮೆಯಾಗುವುದು ಮೇನಿಯಾದ ಲಕ್ಷಣ. ಅಷ್ಟೇ ಅಲ್ಲ, ನಿದ್ದೆ ಕೆಡಿಸಿಕೊಂಡರೆ ಅದೇ ಮೇನಿಯಾವನ್ನು ಕರೆದು ತರುತ್ತದೆ. ನಮ್ಮ ತಲೆಯೊಳಗೆ ಒಂದು ಗಡಿಯಾರ ಇದೆ. ಬೈಪೋಲಾರ್ ಇರುವವರಲ್ಲಿ ಅದು ಬಹಳ ನಾಜೂಕು. ಹಗಲು ರಾತ್ರಿ ಬದಲಾಗುವ ಶಿಫ್ಟು, ಅಮೆರಿಕದ ಸಮಯಕ್ಕೆ ಮೀಟಿಂಗು, ಇವು ನಿಮ್ಮ ತಮ್ಮನಿಗೆ ಕುಡಿತದಷ್ಟೇ ಅಪಾಯ. ರಾತ್ರಿ ಶಿಫ್ಟ್ ಬೇಡ ಅಂತ ಡಾಕ್ಟರಿಂದ ಪತ್ರ ಬರೆಸಿಕೊಳ್ಳಬಹುದು. ಪತ್ರದಲ್ಲಿ ಕಾಯಿಲೆಯ ಹೆಸರು ಹಾಕಲೇಬೇಕು ಅಂತಿಲ್ಲ. ಶಿವರಾತ್ರಿ ಜಾಗರಣೆ ಅವನ ಪರವಾಗಿ ನೀವು ಮಾಡಿ. ರಾತ್ರಿಯಿಡೀ ಯಕ್ಷಗಾನ ಇಷ್ಟ ಅಂದರೆ ಮೊದಲ ಪ್ರಸಂಗ ನೋಡಿ ಬಂದು ಮಲಗಲಿ. ಹೊರದೇಶಕ್ಕೆ ಕಂಪನಿ ಕಳಿಸಿದರೆ ಹೊರಡುವ ಮೊದಲು ಡಾಕ್ಟರನ್ನು ಕಂಡು ಮಾತ್ರೆಯ ಸಮಯ ಕೇಳಿಕೊಳ್ಳಲಿ. ಏಳುವ ಹೊತ್ತು ಭಾನುವಾರವೂ ಒಂದೇ ಇರಲಿ. ಅಷ್ಟು ಸಣ್ಣ ವಿಷಯದಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಏಳುವುದು, ಉಣ್ಣುವುದು, ಮಲಗುವುದು ಇವುಗಳ ಹೊತ್ತು ಸರಿಮಾಡುವುದೇ ಒಂದು ಚಿಕಿತ್ಸಾ ಪದ್ಧತಿಯಾಗಿ ಬೆಳೆದಿದೆ. ಮಾತ್ರೆಯ ಜೊತೆ ಅದೂ ಸೇರಿದರೆ ಜನ ಜಾಸ್ತಿ ದಿನ ಚೆನ್ನಾಗಿರುತ್ತಾರೆ.

ಈಗ ಅವನು ಚೆನ್ನಾಗಿರುವ ಈ ದಿನಗಳಲ್ಲೇ ಒಂದು ಕೆಲಸ ಮಾಡಬೇಕು. ಒಂದು ಭಾನುವಾರ ಅವನ ಜೊತೆ ಕೂತು ಒಂದು ಹಾಳೆ ಬರೆಯಿರಿ. ಅವನ ಕೈಬರಹದಲ್ಲೇ ಇರಲಿ. ಹೋದ ಯುಗಾದಿಗೆ ಮೊದಲ ಹದಿನೈದು ದಿನ ಏನೇನು ಬದಲಾಗಿತ್ತು? ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಒಬ್ಬ ಹುಡುಗ ಮೇನಿಯಾಕ್ಕೆ ಮುಂಚೆ ಹತ್ತು ವರ್ಷದಿಂದ ಮಾತಿಲ್ಲದ ಹೈಸ್ಕೂಲ್ ಗೆಳೆಯರಿಗೆಲ್ಲ ಫೋನ್ ಮಾಡುತ್ತಿದ್ದ. ಇನ್ನೊಬ್ಬರು ಬಿಳಿ ಬಟ್ಟೆ ಬಿಟ್ಟು ಕಡುಬಣ್ಣ ಹಾಕತೊಡಗುತ್ತಿದ್ದರು. ನಿಮ್ಮ ತಮ್ಮನದು ಏನು ಅಂತ ಅವನಿಗೂ ನಿಮಗೂ ಮಾತ್ರ ಗೊತ್ತು. ಅದನ್ನು ಬರೆಯಿರಿ. ಕೆಳಗೆ, ಎರಡು ರಾತ್ರಿ ಸತತ ಐದು ಗಂಟೆಗಿಂತ ಕಡಿಮೆ ಮಲಗಿದರೆ ಡಾಕ್ಟರಿಗೆ ಫೋನ್ ಮಾಡಲು ಅಕ್ಕನಿಗೆ ಒಪ್ಪಿಗೆ ಇದೆ ಅಂತ ಬರೆದು ಅವನು ಸಹಿ ಹಾಕಲಿ. ಮೇನಿಯಾ ಏರಿದ ಮೇಲೆ "ನಿನಗೆ ಕಾಯಿಲೆ" ಅಂದರೆ ಅವನು ಒಪ್ಪುವುದಿಲ್ಲ. ಒಪ್ಪದಿರುವುದೇ ಆಗ ಕಾಯಿಲೆ. "ಇದು ನೀನೇ ಬರೆದಿದ್ದು ಅಲ್ವಾ?" ಅಂತ ಹಾಳೆ ತೋರಿಸಿದರೆ ಕೆಲವೊಮ್ಮೆ ಕೇಳುತ್ತಾನೆ.

ದುಡ್ಡಿನ ವಿಷಯವೂ ಆ ಹಾಳೆಯಲ್ಲಿ ಬರಲಿ. ಕಾರ್ಡಿನ ಮಿತಿ ಇಳಿಸಿ ಇಡುವುದು, ಯುಪಿಐ ದಿನದ ಮಿತಿ ಕಡಿಮೆ ಮಾಡುವುದು, ಸಾಲದ ಆ್ಯಪ್ ತೆಗೆದುಹಾಕುವುದು ಎಲ್ಲ ಈಗಲೇ, ಅವನ ಕೈಯಿಂದಲೇ ಆಗಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿದೆ. ಮುಂದೆ ಕಾಯಿಲೆ ಜೋರಾದರೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಅಂತ ಅವನು ಮುಂಚೆಯೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಬಹುದು. ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಗಳ ಹಾಗೆಯೇ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಪಾಲಿಸಿ ತೆಗೆದು ನೋಡಿ.

ಅಪ್ಪನ ಮೇಲೆ ಕೈ ಎತ್ತಿದ ವಿಷಯ. ಇದು ನಿಮ್ಮೆಲ್ಲರ ಎದೆಯಲ್ಲೂ ಕೂತಿದೆ ಅಂತ ಕಾಣುತ್ತದೆ. ಅವನ ಎದೆಯಲ್ಲಿ ಇನ್ನೂ ಜಾಸ್ತಿ ಕೂತಿರುತ್ತದೆ. ಮೇನಿಯಾ ಇಳಿದ ಮೇಲೆ ಮಾಡಿದ್ದೆಲ್ಲ ನೆನಪಾಗುತ್ತದೆ, ನಾಚಿಕೆ ಒತ್ತರಿಸಿ ಬರುತ್ತದೆ. ಎಷ್ಟೋ ಜನ ಖಿನ್ನತೆಗೆ ಜಾರುವುದು ಈ ದಾರಿಯಲ್ಲೇ. ಒಂದು ಸಲ ಅಪ್ಪ ಮಗ ಇಬ್ಬರೂ ಕೂತು ಮಾತಾಡಲಿ. ಅವನು ಕ್ಷಮೆ ಕೇಳಲಿ, ಅಪ್ಪ ಹೆಗಲ ಮೇಲೆ ಕೈ ಇಡಲಿ. ಆಮೇಲೆ ಆ ವಿಷಯ ಎತ್ತಿ ಆಡಬೇಡಿ, ಸಾಲದ ಮಾತನ್ನು ಊಟಕ್ಕೆ ಕೂತಾಗ ತೆಗೆಯಬೇಡಿ. ಚುಚ್ಚು ಮಾತು ಜಾಸ್ತಿ ಇರುವ ಮನೆಗಳಲ್ಲಿ ಕಾಯಿಲೆ ಬೇಗ ಮರಳುತ್ತದೆ ಅಂತ ಎಷ್ಟೋ ಅಧ್ಯಯನಗಳು ತೋರಿಸಿವೆ.

ಮತ್ತೆ ಮಂಕಾದರೆ? ಎರಡು ವಾರ ಕಾಯಬೇಡಿ, ಬೇಗ ತೋರಿಸಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರ ಆಗುತ್ತದೆ. ಹೌದು ಅಂದರೆ ಒಂಟಿ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮದು ತೋಟದ ಮನೆ ಆಗಿದ್ದರೆ ಔಷಧಿ ಹೊಡೆಯುವ ಡಬ್ಬಗಳಿಗೆ ಇವತ್ತೇ ಬೀಗ ಹಾಕಿ. ಲಿಥಿಯಂ ಮಾತ್ರೆಗಳನ್ನೂ ತಿಂಗಳಿಗಾಗುವಷ್ಟು ಅವನ ಕೈಗೆ ಕೊಡುವ ಬದಲು ವಾರದ್ದು ವಾರ ಕೊಡಿ. ರಾತ್ರಿ ಎಷ್ಟೊತ್ತಿಗಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಮಾತಾಡದಿದ್ದರೆ ನೀವು ಮಾಡಿ.

ಚಿಕಿತ್ಸೆಗೆ ಪ್ರತಿ ಸಲ ಬೆಂಗಳೂರಿಗೇ ಓಡಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದೇ ನಮ್ಮ ಬಳ್ಳಾರಿಯಿಂದ, ಎಂಬತ್ತರ ದಶಕದಲ್ಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ.

ಮದುವೆಯ ಮಾತು ಉಳಿಯಿತು. ಮದುವೆ ಈ ಕಾಯಿಲೆಗೆ ಔಷಧಿ ಅಲ್ಲ. ಮದುವೆ ಮನೆಯ ಗಡಿಬಿಡಿ, ನಿದ್ದೆಗೇಡು, ಹೊಸ ಹೆಂಡತಿಗೆ ಗೊತ್ತಾಗಬಾರದು ಅಂತ ಮಾತ್ರೆ ಮುಚ್ಚಿಡುವುದು, ಎಲ್ಲ ಸೇರಿ ಮೊದಲ ಆರು ತಿಂಗಳಲ್ಲೇ ಕಾಯಿಲೆ ಮರಳಿದ ಸಂಸಾರಗಳನ್ನು ನಾನು ನೋಡಿದ್ದೇನೆ. ಆ ಹುಡುಗಿಯರ ಮುಖ ನನಗೆ ಮರೆಯುವುದಿಲ್ಲ. "ಮೊದಲೇ ಹೇಳಿದ್ರೆ ನಾನೇ ಮಾತ್ರೆ ಕೊಡ್ತಿದ್ದೆ" ಅಂದವರಿದ್ದಾರೆ. ಆದ್ದರಿಂದ ಹೇಳಿ. ದಲ್ಲಾಳಿಗೆ ಬೇಡ, ನೆಂಟರ ಗುಂಪಿಗೆ ಬೇಡ. ಮಾತು ಗಟ್ಟಿಯಾಗುವ ಹೊತ್ತಿಗೆ, ನಿಶ್ಚಿತಾರ್ಥಕ್ಕೆ ಮೊದಲು, ಆ ಹುಡುಗಿಗೆ ಅವನೇ ಹೇಳಲಿ. ಬೇಕಾದರೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಬರಲಿ, ನಾವು ಎಷ್ಟೋ ಜೋಡಿಗಳಿಗೆ ಹಾಗೆ ಕೂರಿಸಿ ಹೇಳಿದ್ದೇವೆ. ಕೆಲವು ಸಂಬಂಧ ಮುರಿಯುತ್ತವೆ, ನಿಜ. ಮುಚ್ಚಿಟ್ಟು ಮಾಡಿದ ಮದುವೆ ಮೋಸದ್ದು ಅಂತ ನಾಳೆ ಕೋರ್ಟಿನಲ್ಲೂ ಪ್ರಶ್ನೆ ಬರಬಹುದು. ಮಕ್ಕಳಿಗೆ ಬರುತ್ತದಾ ಅಂತ ಅವರು ಕೇಳಿಯೇ ಕೇಳುತ್ತಾರೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಅಂದರೆ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. ಹಾಗೇ ಹೇಳಿ. ಅದಕ್ಕೂ ಮೊದಲು, ಅವನಿಗೆ ಈಗ ಮದುವೆ ಬೇಕಾ ಅಂತ ಅವನನ್ನೇ ಕೇಳಿದ್ದೀರಾ?

ಮುಂದಿನ ಸಲ ಲಿಥಿಯಂ ಪರೀಕ್ಷೆಗೆ ನೀವೂ ಅವನ ಜೊತೆ ಹೋಗಿ. ಹಿಂದಿನ ರಾತ್ರಿ ಒಂಬತ್ತಕ್ಕೆ ಮಾತ್ರೆ ತೆಗೆದುಕೊಂಡರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, ಹನ್ನೆರಡು ಗಂಟೆಯ ಅಂತರ ಮುಖ್ಯ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆಯೇ ನುಂಗಲಿ. ರಿಪೋರ್ಟ್ ಬಂದಾಗ ಅಂಕಿ ಎಷ್ಟು ಅಂತ ಅವನೇ ಓದಲಿ, ಆ ತಿಂಗಳ ಕ್ಯಾಲೆಂಡರಿನಲ್ಲಿ ನಿದ್ದೆಯ ಅಂಕಿಗಳ ಪಕ್ಕ ಅದನ್ನೂ ಬರೆಯಲಿ. ಆಮೇಲೆ ಇಬ್ಬರೂ ಎಲ್ಲಾದರೂ ಕೂತು ಮಸಾಲೆ ದೋಸೆ ತಿನ್ನಿ. ಅವನು ಏನಾದರೂ ಹೇಳಿ ಜೋರಾಗಿ ನಕ್ಕರೆ ನೀವೂ ನಗಿ.